ಮೊದಲ ಗಾಲ್ಫ್ ಸೆಟ್: ಬಾಕ್ಸ್ ಸೆಟ್ಟೋ, ಸೆಕೆಂಡ್ ಹ್ಯಾಂಡೋ, ಅಳತೆಗೆ ಹೊಂದಿಸಿದ್ದೋ?

ಏಳನೇ ನಂಬರ್ ಐರನ್ನಿನ (ಚಪ್ಪಟೆ ಲೋಹದ ಹೆಡ್ಡಿನ ಕ್ಲಬ್ಬಿನ) ತಳಕ್ಕೆ ಒಂದು ತುಂಡು ಟೇಪ್ ಅಂಟಿಸಿ, ಗಟ್ಟಿ ಪ್ಲಾಸ್ಟಿಕ್ ಹಲಗೆಯ ಮೇಲೆ ಚೆಂಡಿಟ್ಟು ಹೊಡೆಯಿರಿ ಅಂದರು ಕೋಚ್. ಐದಾರು ಹೊಡೆದೆ. ಕ್ಲಬ್ ತಿರುಗಿಸಿ ನೋಡಿದರೆ ಗೀರುಗಳೆಲ್ಲ ಹೀಲ್ ಕಡೆ, ಅಂದರೆ ಶಾಫ್ಟಿಗೆ (ಕ್ಲಬ್ಬಿನ ಕೋಲಿಗೆ) ಹತ್ತಿರದ ಅಂಚಿನಲ್ಲೇ ಗುಂಪುಗೂಡಿದ್ದವು. ಟೋ ಕಡೆಯ, ಅಂದರೆ ಆಚೆ ತುದಿಯ ಅರ್ಧ ಟೇಪು ಅಂಟಿಸಿದಾಗ ಹೇಗಿತ್ತೋ ಹಾಗೇ ಇತ್ತು. ನಾನು ಹೊಡೆಯುವಾಗೆಲ್ಲ ಕ್ಲಬ್ಬಿನ ಮೂತಿ ಮೇಲೆದ್ದಿರುತ್ತಿತ್ತು. ಚೆಂಡು ಎಡಕ್ಕೆ ಓಡುತ್ತಿದ್ದುದು ಅದಕ್ಕೇ. ಎಂಟು ತಿಂಗಳಿಂದ ನಾನು ನನ್ನ ಮಣಿಕಟ್ಟನ್ನು ಬೈದುಕೊಳ್ಳುತ್ತಿದ್ದೆ.

ನಾನು 5 ಅಡಿ 5 ಇಂಚು. ಸೆಟ್ಟು ಆರಡಿ ದಾಟಿದ ಗೆಳೆಯನದು. ಪುಕ್ಕಟೆ ಬಂದದ್ದು, ಹೆಸರಾಂತ ಕಂಪನಿಯದ್ದು, ಒಂದು ಗೀಚೂ ಇರಲಿಲ್ಲ. ನನ್ನ ಅಳತೆಯದ್ದಲ್ಲ, ಅಷ್ಟೇ ಕೊರತೆ. ಆಮೇಲೆ ಸರಿಯಾದ ಕ್ಲಬ್ ಕೈಗೆ ಬಂದರೂ ಚೆಂಡು ನೇರವಾಗಲಿಲ್ಲ, ಒಂದೂವರೆ ತಿಂಗಳು ಬಲಕ್ಕೆ ಹೋಯಿತು. ಎಡಕ್ಕೆ ಹೋಗುವುದನ್ನು ತಡೆಯಲೆಂದು ಮೈ ತಾನೇ ಒಂದು ಓರೆ ಸ್ವಿಂಗ್ ಕಲಿತುಬಿಟ್ಟಿತ್ತು. ಅದನ್ನು ಮರೆಸುವುದು ಹೊಸದನ್ನು ಕಲಿಸುವುದಕ್ಕಿಂತ ಕಷ್ಟ.

ಹಾಗಾಗಿ "ಮೊದಲು ಆಟ ಬರಲಿ, ಅಳತೆಯೆಲ್ಲ ಆಮೇಲೆ" ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕಂಪ್ಯೂಟರಿನ ಮುಂದೆ ನಿಂತು ನೂರು ಚೆಂಡು ಹೊಡೆದು ಶಾಫ್ಟಿನ ಗ್ರಾಂ ಲೆಕ್ಕ ಹಾಕುವ ಫಿಟ್ಟಿಂಗ್ ಹೊಸಬರಿಗೆ ಬೇಡ. ದಿನಕ್ಕೊಂದು ಬಗೆಯ ಸ್ವಿಂಗ್ ಮಾಡುವವರಿಂದ ಯಂತ್ರಕ್ಕೆ ತಾನೇ ಏನು ಗೊತ್ತಾದೀತು? ಆದರೆ ಉದ್ದ, ಲೈ (ನೆಲದ ಮೇಲಿಟ್ಟಾಗ ಶಾಫ್ಟಿನ ಓರೆ), ತೂಕ, ಗ್ರಿಪ್ (ಕೈಹಿಡಿ) ಈ ನಾಲ್ಕು ನಿಮ್ಮ ಮೈಯ ಅಳತೆಗೆ ಸೇರಿದ್ದು. ಇವನ್ನು ಮೊದಲ ದಿನವೇ ನೋಡಬೇಕು. (ಮುಂದೆ ಬರುವ ಎಡ-ಬಲ ಎಲ್ಲ ಬಲಗೈ ಆಟಗಾರರ ಲೆಕ್ಕ, ಎಡಗೈಯವರು ತಿರುಗಿಸಿಕೊಂಡು ಓದಿ.)

ಹದಿನಾಲ್ಕು ಎನ್ನುವುದು ಮಿತಿ

ನಿಯಮದ ಪ್ರಕಾರ ಒಂದು ರೌಂಡಿಗೆ 14 ಕ್ಲಬ್ಬಿಗಿಂತ ಹೆಚ್ಚು ಒಯ್ಯುವಂತಿಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1938ರಲ್ಲಿ ಈ ಮಿತಿ ತಂದಿತು, ಮರುವರ್ಷ ಬ್ರಿಟನ್ನಿನ ಆರ್ ಅಂಡ್ ಎ ಕೂಡ ತಂದಿತು. ಅದಕ್ಕೂ ಮುಂಚೆ ಇಪ್ಪತ್ತೈದು ಕ್ಲಬ್ ತುಂಬಿದ ಬ್ಯಾಗನ್ನು ಕ್ಯಾಡಿಯ ಹೆಗಲಿಗೇರಿಸಿ ಹೊರಡುವವರಿದ್ದರು. 2001ರ ಬ್ರಿಟಿಷ್ ಓಪನ್ ಕೊನೆಯ ದಿನ ಆಟಗಾರ ಇಯಾನ್ ವೂಸ್ನಮ್ ಬ್ಯಾಗಿನಲ್ಲಿ ಅಪ್ಪಿತಪ್ಪಿ ಎರಡು ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಉಳಿದಿದ್ದವು. ಹದಿನೈದನೆಯ ಕ್ಲಬ್ ಇದೆಯೆಂದು ಎರಡನೇ ಹೋಲ್ ಶುರುವಾಗುವ ಟೀ ಮೇಲೆ ಗೊತ್ತಾಗಿ ಎರಡು ಸ್ಟ್ರೋಕ್ ದಂಡ ಬಿತ್ತು. ಆದರೆ ಕನಿಷ್ಠ ಇಷ್ಟಿರಲೇಬೇಕು ಎಂದು ಯಾವ ನಿಯಮವೂ ಇಲ್ಲ. ಬ್ಯಾಗಿನಲ್ಲಿ ಹದಿನಾಲ್ಕು ಖಾನೆ ಇದೆಯೆಂದು ಹದಿನಾಲ್ಕನ್ನೂ ತುಂಬುವವರೇ ಹೆಚ್ಚು.

ಹೊಸಬರು ಐದು, ಆರು, ಏಳನೇ ಐರನ್ ಮೂರರಲ್ಲೂ ಹೊಡೆದು, ಚೆಂಡು ಬಿದ್ದ ಜಾಗಕ್ಕೆ ಹೋಗಿ ನೋಡಿದರೆ ತಮಾಷೆ ತಿಳಿಯುತ್ತದೆ. ನಂಬರ್ ಕಡಿಮೆಯಾದಷ್ಟೂ ಚೆಂಡು ದೂರ ಹೋಗಬೇಕು, ಆದರೆ ಮೂರೂ ಹೆಚ್ಚುಕಡಿಮೆ ಒಂದೇ ಕಡೆ ಬಿದ್ದಿರುತ್ತವೆ. ಎಷ್ಟೋ ಸಲ ಐದನೆಯದೇ ಹಿಂದೆ. ಲಾಫ್ಟ್ (ಫೇಸು, ಅಂದರೆ ಚೆಂಡಿಗೆ ತಗಲುವ ಮುಖ, ಹಿಂದಕ್ಕೆ ವಾಲಿರುವ ಕೋನ) ಕಡಿಮೆ ಇರುವ ಕ್ಲಬ್ಬಿನಿಂದ ಚೆಂಡನ್ನು ಮೇಲೆಬ್ಬಿಸಲು ವೇಗ ಬೇಕು, ಆ ವೇಗ ಇನ್ನೂ ಬಂದಿಲ್ಲ. ನನ್ನ ಲೆಕ್ಕದಲ್ಲಿ ಏಳೆಂಟು ಕ್ಲಬ್ ಸಾಕು: ಲಾಫ್ಟ್ ಜಾಸ್ತಿ ಇರುವ ಒಂದು ವುಡ್ (ದಪ್ಪ ಹೆಡ್ಡಿನ, ದೂರ ಹೊಡೆಯುವ ಕ್ಲಬ್), ನಾಲ್ಕನೆಯದೋ ಐದನೆಯದೋ ಒಂದು ಹೈಬ್ರಿಡ್ (ವುಡ್, ಐರನ್ ಎರಡರ ನಡುವಿನದು), ಏಳು ಮತ್ತು ಒಂಬತ್ತನೇ ಐರನ್, ಹತ್ತಿರದ ಹೊಡೆತಕ್ಕೆ ಪಿಚಿಂಗ್ ವೆಡ್ಜ್, ಮರಳಿಗೆ ಸ್ಯಾಂಡ್ ವೆಡ್ಜ್, ಚೆಂಡನ್ನು ಕುಳಿಗೆ ಉರುಳಿಸಲು ಪಟರ್. ಡ್ರೈವರ್ ಬೇಕೇ ಬೇಕು ಅನ್ನಿಸಿದರೆ ಎಂಟನೆಯದಾಗಿ ಇರಲಿ. ಮೂರು, ನಾಲ್ಕನೇ ನಂಬರಿನ ಉದ್ದ ಐರನ್‌ಗಳನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ಕೈಮುಗಿದು ವಾಪಸ್ ಕೊಡಿ.

ನಾಲ್ಕು ದಾರಿ

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಾಕ್ಸ್ ಸೆಟ್. ಡ್ರೈವರಿನಿಂದ ಪಟರ್‌ವರೆಗೆ ಒಂಬತ್ತೋ ಹನ್ನೆರಡೋ ಕ್ಲಬ್, ಜೊತೆಗೆ ಬ್ಯಾಗು. ಎಲ್ಲ ಒಂದೇ ಸಲಕ್ಕೆ ಮುಗಿಯುತ್ತದೆ, ಹೆಡ್‌ಗಳನ್ನು ಹೊಸಬರನ್ನು ನೋಡಿಯೇ ಮಾಡಿರುತ್ತಾರೆ. ನಿಮ್ಮ ಎತ್ತರ ಸರಾಸರಿಯ ಆಸುಪಾಸಿನಲ್ಲಿದ್ದು, ಆಟ ಅಂಟುತ್ತದೋ ಇಲ್ಲವೋ ಎಂಬ ಅನುಮಾನ ನಿಮಗೇ ಇದ್ದರೆ ಇದರಲ್ಲಿ ತಪ್ಪೇನಿಲ್ಲ. ತೊಂದರೆ ಇರುವುದು ಎರಡು ಕಡೆ. ಶಾಫ್ಟು ಒಂದೆರಡು ಬಗೆಯಲ್ಲಷ್ಟೇ ಸಿಗುತ್ತದೆ. ವೆಡ್ಜ್ ಮತ್ತು ಪಟರ್‌ಗಳನ್ನು ಲೆಕ್ಕ ಭರ್ತಿಗೆ ಇಟ್ಟಂತಿರುತ್ತದೆ, ಅವನ್ನೇ ಮೊದಲು ಬದಲಿಸಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ನನ್ನ ಒಲವು. ಐದಾರು ವರ್ಷ ಹಳೆಯ ಐರನ್ ಸೆಟ್ಟಿಗೂ ಈ ವರ್ಷದ್ದಕ್ಕೂ ಹೊಸಬರ ಕೈಯಲ್ಲಿ ಕಾಣುವ ವ್ಯತ್ಯಾಸ ಅತ್ಯಲ್ಪ. ಆದರೆ ನೋಡಿ ತೆಗೆದುಕೊಳ್ಳುವ ತಾಳ್ಮೆ ಬೇಕು, ಹೇಗೆಂದು ಆಮೇಲೆ ಹೇಳುತ್ತೇನೆ.

ಮೂರನೆಯದು ಅರ್ಧ ಸೆಟ್, ಮೇಲೆ ಹೇಳಿದಂತೆ ಬಿಡಿಬಿಡಿಯಾಗಿ ಕೂಡಿಸುವುದು. ಪಟರ್ ಒಂದು ಕಡೆಯಿಂದ, ಐರನ್ ಇನ್ನೊಂದು ಕಡೆಯಿಂದ. ನೋಡಲು ಕಲಬೆರಕೆಯಾಗಿ ಕಂಡರೂ ಚೆಂಡಿಗೇನೂ ಬೇಸರವಿಲ್ಲ. ಒಂದೇ ಎಚ್ಚರಿಕೆ: ಐರನ್‌ಗಳು ಮಾತ್ರ ಒಂದೇ ಸೆಟ್ಟಿನವಾಗಿರಲಿ. ಯಾಕೆ ಅಂತ ಲಾಫ್ಟಿನ ಮಾತಿನಲ್ಲಿ ಗೊತ್ತಾಗುತ್ತದೆ.

ನಾಲ್ಕನೆಯದು ಹೊಸದನ್ನೇ ಅಳತೆ ಕೊಟ್ಟು ತರಿಸುವುದು. ತುಂಬ ಎತ್ತರದವರು, ತುಂಬ ಕುಳ್ಳಗಿರುವವರು, ಕೈ ವಿಪರೀತ ಉದ್ದವೋ ಗಿಡ್ಡವೋ ಇರುವವರು ನೇರವಾಗಿ ಈ ದಾರಿ ಹಿಡಿಯುವುದು ವಾಸಿ. ಉಳಿದವರು ಸ್ವಿಂಗ್ ಒಂದು ಹದಕ್ಕೆ ಬಂದ ಮೇಲೆ ಯೋಚಿಸಬಹುದು.

"ಪುರುಷರ", "ಮಹಿಳೆಯರ" ಎಂಬ ಚೀಟಿ ನೋಡಿ ಆರಿಸುವುದನ್ನೂ ಬಿಡಿ. ಮಹಿಳೆಯರ ಸೆಟ್ ಅಂದರೆ ಸಾಮಾನ್ಯವಾಗಿ ಒಂದಿಂಚು ಗಿಡ್ಡ, ಹಗುರ, ಶಾಫ್ಟು ಮೆತ್ತಗೆ, ಗ್ರಿಪ್ಪು ಸಣ್ಣ, ಅಷ್ಟೇ. ಎತ್ತರದ, ಕಸುವಿನ ಹೆಂಗಸರಿಗೆ ಅದು ಆಟದ ಸಾಮಾನಿನಂತಾಗುತ್ತದೆ, ವಯಸ್ಸಾದ ಎಷ್ಟೋ ಗಂಡಸರಿಗೆ ಅದೇ ಹೇಳಿ ಮಾಡಿಸಿದಂತಿರುತ್ತದೆ. ಮಕ್ಕಳಿಗೆ ದೊಡ್ಡವರ ಕ್ಲಬ್ ಕತ್ತರಿಸಿ ಕೊಡುವುದು ಇನ್ನೂ ಕೆಟ್ಟದ್ದು. ಉದ್ದ ಕಡಿಮೆಯಾದರೂ ಹೆಡ್ಡಿನ ಭಾರ ಹಾಗೇ ಉಳಿಯುತ್ತದೆ, ಶಾಫ್ಟು ಇನ್ನಷ್ಟು ಗಡುಸಾಗುತ್ತದೆ.

ಹೆಡ್: ಬೆನ್ನು ತಿರುಗಿಸಿ ನೋಡಿ

ಐರನ್ನಿನ ಬೆನ್ನು ನಯವಾಗಿ, ಒಂದೇ ಕಬ್ಬಿಣದ ತುಂಡಿನಂತಿದ್ದರೆ ಅದು ಬ್ಲೇಡ್. ಬೆನ್ನಿನಲ್ಲಿ ಗುಳಿಯಿದ್ದು ಅಂಚುಗಳು ದಪ್ಪಗಿದ್ದರೆ ಕ್ಯಾವಿಟಿ ಬ್ಯಾಕ್. ನಡುವಿನ ಲೋಹವನ್ನು ತೆಗೆದು ಅಂಚಿಗೆ ಹಂಚಿದರೆ, ಚೆಂಡು ಫೇಸಿನ ನಟ್ಟನಡುವೆ ತಗಲದಿದ್ದಾಗಲೂ ಹೆಡ್ಡು ಅಷ್ಟಾಗಿ ತಿರುಗುವುದಿಲ್ಲ. ಈ ಉಪಾಯವನ್ನು ಜನಪ್ರಿಯ ಮಾಡಿದವರಲ್ಲಿ ದೊಡ್ಡ ಹೆಸರು ನಾರ್ವೆಯಲ್ಲಿ ಹುಟ್ಟಿದ ಎಂಜಿನಿಯರ್ ಕಾರ್ಸ್ಟನ್ ಸೋಲ್ಹೈಮ್ ಅವರದು. ಪಟ್ ಸರಿಯಾಗಿ ಬೀಳದ ಬೇಸರಕ್ಕೆ 1959ರಲ್ಲಿ ಹೀಲ್‌ಗೂ ಟೋಗೂ ಭಾರ ಹಂಚಿದ ಪಟರ್ ಒಂದನ್ನು ತಾವೇ ಮಾಡಿಕೊಂಡರು. ಹೊಡೆದಾಗ ಅದು ಹೊರಡಿಸುವ ಸದ್ದೇ ಕಂಪನಿಯ ಹೆಸರಾಯಿತು: ಪಿಂಗ್. ಅದೇ ಯೋಚನೆ ಆಮೇಲೆ ಐರನ್ನಿಗೂ ಬಂತು.

ಬ್ಲೇಡ್ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಸೆಟ್ಟಿಗೆ ಕ್ಯಾವಿಟಿ ಬ್ಯಾಕೇ ಸರಿ. ತಳ ಅಗಲವಿರಲಿ, ನೆಲಕ್ಕೆ ಮೊದಲು ತಾಗಿದರೂ ಹೂತುಕೊಳ್ಳದೆ ಜಾರುತ್ತದೆ. "ಬ್ಲೇಡಿನಲ್ಲಿ ಕಲಿತರೆ ಆಟ ಪಕ್ಕಾ ಆಗುತ್ತದೆ" ಎಂಬ ಹಳಬರ ಮಾತನ್ನು ನಂಬಿ ಆರು ತಿಂಗಳಲ್ಲಿ ಆಟವನ್ನೇ ಬಿಟ್ಟವರನ್ನು ನಾನು ಬಲ್ಲೆ.

ನಂಬರ್ ಒಂದು ಹೆಸರು ಮಾತ್ರ

ಅಂಗಡಿಯಲ್ಲಿ ಎರಡು ಸೆಟ್ಟಿನ ಏಳನೇ ಐರನ್ ಕೊಟ್ಟು ಹೊಡೆಸುತ್ತಾರೆ. ಒಂದು 130 ಗಜ, ಇನ್ನೊಂದು 145. ಎರಡನೆಯದೇ ಒಳ್ಳೆಯದು ಅನ್ನಿಸುವುದು ಸಹಜ. ತಾಳಿ, ಎರಡರ ಲಾಫ್ಟ್ ಕೇಳಿ. ಒಂದು ಕಾಲಕ್ಕೆ ಏಳನೇ ಐರನ್ ಅಂದರೆ 34ರಿಂದ 36 ಡಿಗ್ರಿ. ಈಗ ಹೊಸಬರಿಗೆಂದು ಮಾಡಿದ ಎಷ್ಟೋ ಸೆಟ್ಟುಗಳಲ್ಲಿ ಅದು 28ರಿಂದ 30. ಅಂದರೆ ತಳದಲ್ಲಿ 7 ಎಂದು ಕೆತ್ತಿದ್ದರೂ ಒಳಗಿರುವುದು ಹಳೆಯ ಐದು ಅಥವಾ ಆರು. ಹೊಸ ಹೆಡ್‌ಗಳಲ್ಲಿ ಭಾರ ತಳಕ್ಕಿಳಿದಿರುವುದರಿಂದ ಚೆಂಡು ಮೇಲಕ್ಕೇಳುತ್ತದೆ, ನಿಜ. ಆದರೂ ಹೋಲಿಸುವಾಗ ನಂಬರಿಗೆ ನಂಬರ್ ಇಡಬೇಡಿ, ಡಿಗ್ರಿಗೆ ಡಿಗ್ರಿ ಇಡಿ.

ಇದರ ಬಿಸಿ ತಟ್ಟುವುದು ಗಿಡ್ಡ ಕ್ಲಬ್ಬುಗಳಲ್ಲಿ, ಅಂದರೆ ವೆಡ್ಜ್‌ಗಳಲ್ಲಿ. ಅಂಥ ಸೆಟ್ಟುಗಳ ಪಿಚಿಂಗ್ ವೆಡ್ಜ್ ಈಗ 43-44 ಡಿಗ್ರಿ. ಸ್ಯಾಂಡ್ ವೆಡ್ಜ್ ಮಾತ್ರ ಹಳೆಯ 54-56ರಲ್ಲೇ ಇದೆ. ನಡುವೆ ಹನ್ನೆರಡು ಡಿಗ್ರಿಯ ಹೊಂಡ. ಕ್ಲಬ್ಬಿನಿಂದ ಕ್ಲಬ್ಬಿಗೆ ನಾಲ್ಕೈದು ಡಿಗ್ರಿ ಅಂತರ ಸಾಕು ಎನ್ನುವ ಲೆಕ್ಕದಲ್ಲಿ ಇಲ್ಲಿ ಇನ್ನೊಂದು ಕ್ಲಬ್ ಕಾಣೆಯಾಗಿದೆ. ಅದನ್ನೇ ಗ್ಯಾಪ್ ವೆಡ್ಜ್ ಎಂದು ಹೆಸರಿಟ್ಟು ಬೇರೆಯಾಗಿ ಮಾರುತ್ತಾರೆ! ಸೆಟ್ ಆರಿಸುವಾಗಲೇ ಪಿಚಿಂಗ್ ವೆಡ್ಜಿನ ಡಿಗ್ರಿ ಕೇಳಿಕೊಂಡರೆ ಆಮೇಲೆ ಅಚ್ಚರಿಪಡಬೇಕಿಲ್ಲ. ಬೇರೆಬೇರೆ ಸೆಟ್ಟಿನ ಐರನ್‌ಗಳನ್ನು ಬೆರೆಸಬೇಡಿ ಅಂದದ್ದೂ ಇದಕ್ಕೇ. ಒಂದರ ಏಳು, ಇನ್ನೊಂದರ ಒಂಬತ್ತಕ್ಕೆ ತೀರ ಹತ್ತಿರವೋ ತೀರ ದೂರವೋ ಆಗಿಬಿಡಬಹುದು.

ಉದ್ದ ಮತ್ತು ಲೈ

ಚಪ್ಪಟೆ ತಳದ ಶೂ ಹಾಕಿ ನೆಟ್ಟಗೆ ನಿಂತು, ಕೈ ಸಡಿಲ ಬಿಡಿ. ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಎಷ್ಟಿದೆಯೆಂದು ಬೇರೆಯವರಿಂದ ಅಳೆಸಿ. ನೀವೇ ಬಗ್ಗಿ ಅಳೆದುಕೊಂಡರೆ ಲೆಕ್ಕ ಕೆಟ್ಟಿತು. ಸುಮಾರಾಗಿ 34ರಿಂದ 37 ಇಂಚಿನೊಳಗೆ ಬಂದರೆ ಸ್ಟ್ಯಾಂಡರ್ಡ್ ಉದ್ದದಿಂದ ಶುರುಮಾಡಬಹುದು. ಕಂಪನಿಯಿಂದ ಕಂಪನಿಗೆ ಪಟ್ಟಿ ತುಸು ಬೇರೆ. ಎತ್ತರವೊಂದನ್ನೇ ನೋಡಿದರೆ ಸಾಲದು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕೈ ಎರಡಿಂಚು ಉದ್ದವಿದ್ದರೆ ಇಬ್ಬರಿಗೂ ಒಂದೇ ಕ್ಲಬ್ ಹೊಂದುವುದಿಲ್ಲ.

ಉದ್ದ ಬದಲಾದರೆ ಲೈ ಕೂಡ ಬದಲಾಗುತ್ತದೆ. ಕ್ಲಬ್ಬನ್ನು ನೆಲದ ಮೇಲಿಟ್ಟಾಗ ಶಾಫ್ಟು ನೆಲದೊಂದಿಗೆ ಮಾಡುವ ಕೋನವೇ ಲೈ, ಏಳನೇ ಐರನ್ನಿಗೆ ಸುಮಾರು 62 ಡಿಗ್ರಿ. ಅರ್ಧ ಇಂಚು ಉದ್ದ ಹೆಚ್ಚಾದರೆ ಲೈ ಒಂದು ಡಿಗ್ರಿಯಷ್ಟು ನೆಟ್ಟಗಾದಂತೆ ವರ್ತಿಸುತ್ತದೆ. ಟೋ ಮೇಲೆದ್ದರೆ ಫೇಸು ಎಡಕ್ಕೆ ನೋಡುತ್ತದೆ, ಹೀಲ್ ಮೇಲೆದ್ದರೆ ಬಲಕ್ಕೆ. ಲಾಫ್ಟ್ ಹೆಚ್ಚಿದಷ್ಟೂ ಈ ತಿರುವು ಹೆಚ್ಚು, ಅದಕ್ಕೇ ಡ್ರೈವರಿನಲ್ಲಿ ಲೈ ತಪ್ಪಿದರೂ ಅಷ್ಟಾಗಿ ತಿಳಿಯುವುದಿಲ್ಲ, ವೆಡ್ಜಿನಲ್ಲಿ ಮುಚ್ಚಿಡಲಾಗುವುದಿಲ್ಲ.

ಹಲಗೆ, ಟೇಪು ಸಿಗದಿದ್ದರೆ ವೈಟ್‌ಬೋರ್ಡ್ ಮಾರ್ಕರ್ ಸಾಕು. ಚೆಂಡಿನ ಮೇಲೆ ದಪ್ಪ ಗೆರೆ ಎಳೆದು, ಗೆರೆ ಕ್ಲಬ್ಬಿನ ಕಡೆ ಮುಖಮಾಡಿ ನೆಟ್ಟಗೆ ನಿಲ್ಲುವಂತೆ ಇಟ್ಟು ಹೊಡೆಯಿರಿ. ಗೆರೆಯ ಅಚ್ಚು ಫೇಸಿನ ಮೇಲೆ ಬೀಳುತ್ತದೆ. ಫೇಸಿನ ಗೀರುಗಳಿಗೆ ಅದು ಲಂಬವಾಗಿದ್ದರೆ ಲೈ ಸರಿಯಿದೆ. ಮೇಲ್ತುದಿ ಟೋ ಕಡೆ ವಾಲಿದರೆ ಕ್ಲಬ್ ನಿಮಗೆ ಹೆಚ್ಚು ನೆಟ್ಟಗಿದೆ, ಹೀಲ್ ಕಡೆ ವಾಲಿದರೆ ಹೆಚ್ಚು ಮಲಗಿದೆ. ಒಂದು ಹೊಡೆತ ನೋಡಿ ತೀರ್ಮಾನಿಸಬೇಡಿ, ಹತ್ತರಲ್ಲಿ ಏಳು ಒಂದೇ ಕಡೆ ವಾಲಿದರೆ ಮಾತ್ರ ನಂಬಿ. ಅಚ್ಚು ಫೇಸಿನ ಯಾವ ಭಾಗದಲ್ಲಿ ಬಿದ್ದಿದೆ ಎಂಬುದನ್ನೂ ಗಮನಿಸಿ: ಸದಾ ಟೋ ಕಡೆಯೇ ಬೀಳುತ್ತಿದ್ದರೆ ಕ್ಲಬ್ ಗಿಡ್ಡವಾಗಿರಬಹುದು ಅಥವಾ ನೀವು ದೂರ ನಿಂತಿರಬಹುದು.

ಲೈ ತಪ್ಪಿದ್ದರೆ ಕ್ಲಬ್ ಎಸೆಯಬೇಕಿಲ್ಲ, ಯಂತ್ರದಲ್ಲಿ ಹಿಡಿದು ಬಗ್ಗಿಸಬಹುದು. ಫೋರ್ಜ್ ಮಾಡಿದ ಮೆತ್ತನೆ ಕಾರ್ಬನ್ ಸ್ಟೀಲು ಸಲೀಸಾಗಿ ಬಗ್ಗುತ್ತದೆ, ಎರಕ ಹೊಯ್ದ ಗಡುಸು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಒಂದೆರಡು ಡಿಗ್ರಿ ದಾಟಿಸಲು ಹೋಗುವುದು ಅಪಾಯ. ಹಳೆಯ ಪಿಂಗ್ ಐರನ್ ಕೊಳ್ಳುವವರಿಗೆ ಒಂದು ಅನುಕೂಲವಿದೆ, ಲೈ ಎಷ್ಟೆಂದು ಹೆಡ್ಡಿನ ಮೇಲಿನ ಬಣ್ಣದ ಚುಕ್ಕೆಯೇ ಹೇಳುತ್ತದೆ. ಕಪ್ಪು ಸ್ಟ್ಯಾಂಡರ್ಡ್. ನೀಲಿ, ಹಸಿರು, ಬಿಳಿ ನೆಟ್ಟಗಿನವು. ಕೆಂಪು, ಕಿತ್ತಳೆ ಮಲಗಿದವು. (ಮಧ್ಯೆ ಯಾರಾದರೂ ಬಗ್ಗಿಸಿದ್ದರೆ ಚುಕ್ಕೆಗೇನು ಗೊತ್ತು, ಮಾರ್ಕರ್ ಪರೀಕ್ಷೆ ಹೇಗೂ ಮಾಡಿ.)

ಗ್ರಿಪ್ಪಿನ ಮಾತು ಬೇಗ ಮುಗಿಯುತ್ತದೆ. ಎಡಗೈಯಲ್ಲಿ ಹಿಡಿದಾಗ ನಡುಬೆರಳು ಮತ್ತು ಉಂಗುರದ ಬೆರಳಿನ ತುದಿ ಅಂಗೈಗೆ ಮೆಲ್ಲಗೆ ತಾಗಿದರೆ ಸರಿ. ಉಗುರು ಒತ್ತುತ್ತಿದ್ದರೆ ಗ್ರಿಪ್ ಸಣ್ಣ, ನಡುವೆ ಜಾಗ ಉಳಿದರೆ ದಪ್ಪ. ಬದಲಿಸುವುದು ಸುಲಭ, ಹಾಗಾಗಿ ಗ್ರಿಪ್ ಸವೆದಿದೆಯೆಂದು ಒಳ್ಳೆಯ ಹಳೆ ಸೆಟ್ ಬಿಡಬೇಡಿ.

ಶಾಫ್ಟು: ಅಕ್ಷರಕ್ಕಿಂತ ಮೊದಲು ಗ್ರಾಂ

ಎಲ್, ಎ, ಆರ್, ಎಸ್, ಎಕ್ಸ್ ಎಂದು ಶಾಫ್ಟಿನ ಮೇಲೆ ಬರೆದಿರುತ್ತದೆ, ಮೆತ್ತಗಿನದರಿಂದ ಗಡುಸಿನ ಕಡೆಗೆ. ಇದಕ್ಕೆ ಎಲ್ಲ ಕಂಪನಿಗೂ ಅನ್ವಯಿಸುವ ಒಂದು ಅಳತೆಯಿಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟು ಗಡುಸಿರಬಹುದು. ಡ್ರೈವರಿನ ವೇಗ ಗಂಟೆಗೆ 85ರಿಂದ 95 ಮೈಲಿ ಇದ್ದರೆ ಆರ್, ಅದಕ್ಕಿಂತ ಮೇಲಾದರೆ ಎಸ್, ಕೆಳಗಾದರೆ ಎ ಎಂಬುದು ಒಂದು ಅಂದಾಜು. ಡ್ರೈವರಿನಲ್ಲಿ ಹೊಡೆದ ಚೆಂಡು ಗಾಳಿಯಲ್ಲೇ 200 ಗಜ ದಾಟದಿದ್ದರೆ ಎಸ್ ಶಾಫ್ಟಿನ ಮಾತೇ ಬೇಡ. ಗಡುಸು ಶಾಫ್ಟು ಹಿಡಿಯುವುದು ಗಂಡಸುತನ ಎಂಬ ಭ್ರಮೆಯೊಂದು ಆಟಗಾರರಲ್ಲಿ ಹೇಗೋ ಬೇರೂರಿದೆ.

ಹೊಸಬರಿಗೆ ಅಕ್ಷರಕ್ಕಿಂತ ತೂಕವೇ ಮುಖ್ಯ. ಐರನ್ನಿನ ಸ್ಟೀಲ್ ಶಾಫ್ಟು ಸಾಮಾನ್ಯವಾಗಿ 95ರಿಂದ 130 ಗ್ರಾಂವರೆಗೆ ತೂಗುತ್ತದೆ, ಗ್ರಾಫೈಟು 50ರಿಂದ 85ರ ಒಳಗೆ. ಪರೀಕ್ಷೆ ಸರಳ: ಒಂದೇ ಸಮನೆ ನಲವತ್ತು ಚೆಂಡು ಹೊಡೆಯಿರಿ. ಮೂವತ್ತರ ನಂತರ ತಳ ನೆಲಕ್ಕೆ ಮೊದಲು ಬಡಿಯಲು ಶುರುವಾದರೆ ಕ್ಲಬ್ ಭಾರವಾಯಿತು. ಮೊದಲಿನಿಂದಲೂ ಹೆಡ್ಡು ಎಲ್ಲಿದೆಯೆಂದೇ ಗೊತ್ತಾಗದೆ ಕೈ ಓಡುತ್ತಿದ್ದರೆ ಹಗುರವಾಯಿತು. ಮೊಣಕೈ, ಮಣಿಕಟ್ಟು ನೋವಿರುವವರು ಯೋಚಿಸದೆ ಗ್ರಾಫೈಟ್ ತೆಗೆದುಕೊಳ್ಳಿ.

ಡ್ರೈವರ್, ಸ್ಯಾಂಡ್ ವೆಡ್ಜ್, ಪಟರ್

ಡ್ರೈವರಿನ ಹೆಡ್ಡು 460 ಸಿಸಿಗಿಂತ ದೊಡ್ಡದಿರುವಂತಿಲ್ಲ, ಹೊಸಬರಿಗೆ ಆ ಮಿತಿಯಷ್ಟೇ ದೊಡ್ಡದು ಒಳ್ಳೆಯದು. ಲಾಫ್ಟ್ ಹತ್ತೂವರೆಗಿಂತ ಕಡಿಮೆ ಬೇಡ, ಹನ್ನೆರಡಿದ್ದರೆ ಇನ್ನೂ ಚೆನ್ನ. ಬ್ಯಾಗಿನಲ್ಲಿ ಅತಿ ಉದ್ದದ ಕ್ಲಬ್ ಇದೇ, 45 ಇಂಚಿನ ಮೇಲೆ. ಒಂದಿಂಚು ಕೆಳಗೆ ಹಿಡಿದು ಹೊಡೆದರೆ ಫೇಸಿನ ನಡುವೆ ತಗಲುವುದು ಹೆಚ್ಚಾಗುತ್ತದೆ, ನಾಚಿಕೆಪಡಬೇಕಿಲ್ಲ.

ಸ್ಯಾಂಡ್ ವೆಡ್ಜಿನಲ್ಲಿ ಬೌನ್ಸ್ ನೋಡಿ, ತಳದ ಹಿಂಭಾಗ ಮುಂದಿನ ಅಂಚಿಗಿಂತ ಎಷ್ಟು ಇಳಿದಿದೆ ಎಂಬ ಲೆಕ್ಕ ಅದು. 10ರಿಂದ 14 ಡಿಗ್ರಿ ಇರಲಿ. 1932ರ ಬ್ರಿಟಿಷ್ ಓಪನ್ ಗೆದ್ದಾಗ ಆಟಗಾರ ಜೀನ್ ಸರಾಜೆನ್ ಕೈಯಲ್ಲಿದ್ದದ್ದು ಹೀಗೆ ತಳಕ್ಕೆ ಲೋಹ ಸೇರಿಸಿ ಅವರೇ ಮಾಡಿಕೊಂಡ ವೆಡ್ಜ್. ಮರಳಿನಲ್ಲಿ ಹೂತುಕೊಳ್ಳದೆ ಮೇಲೆ ಜಾರಿಕೊಂಡು ಹೋಗಲಿ ಎಂಬುದು ಉದ್ದೇಶ.

ಪಟರನ್ನು ಕೊನೆಗೆ, ಉಳಿದ ಪುಡಿಗಾಸಿನಲ್ಲಿ ಕೊಳ್ಳುವುದು ವಾಡಿಕೆ. 72ರ ಪಾರ್‌ನಲ್ಲಿ (ಹದಿನೆಂಟು ಹೋಲ್ ಮುಗಿಸಲು ನಿಗದಿಯಾದ ಹೊಡೆತಗಳಲ್ಲಿ) ಹೋಲಿಗೆ ಎರಡರಂತೆ 36 ಸ್ಟ್ರೋಕ್ ಪಟ್ ಮಾಡುವುದಕ್ಕೇ ಮೀಸಲು, ಅಂದರೆ ಸರಿಯಾಗಿ ಅರ್ಧ. ಶಾಫ್ಟನ್ನು ಒಂದು ಬೆರಳ ಮೇಲೆ ಅಡ್ಡಲಾಗಿ ತೂಗಿಸಿ ನೋಡಿ. ಫೇಸು ಆಕಾಶ ನೋಡಿದರೆ ನೇರ ಹಿಂದೆಮುಂದೆ ಆಡಿಸುವವರಿಗೆ ಹೊಂದುತ್ತದೆ, ಟೋ ಕೆಳಕ್ಕೆ ಜೋತುಬಿದ್ದರೆ ಬಾಗಿಲು ತೆರೆದು ಮುಚ್ಚಿದಂತೆ ಆಡಿಸುವವರಿಗೆ. ಉದ್ದ 33ರಿಂದ 35 ಇಂಚು. ನಿಮ್ಮ ಭಂಗಿಯಲ್ಲಿ ನಿಂತು ಎರಡು ಕಣ್ಣಿನ ನಡುವಿನಿಂದ ಒಂದು ಚೆಂಡು ಕೆಳಗೆ ಬಿಡಿ. ನೆಲದ ಚೆಂಡಿನ ಮೇಲೆ ಅಥವಾ ತುಸು ನಿಮ್ಮ ಕಡೆಗೆ ಬೀಳಬೇಕು. ಆಚೆ ಬಿದ್ದರೆ ಪಟರ್ ಗಿಡ್ಡ, ಕಾಲ ಹತ್ತಿರ ಬಿದ್ದರೆ ಉದ್ದ.

ಹಳೆಯದನ್ನು ಕೊಳ್ಳುವಾಗ

ಮಾರುವವರ ಮುಂದೆಯೇ ಐರನ್‌ಗಳನ್ನೆಲ್ಲ ನಂಬರಿನ ಕ್ರಮದಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ಗ್ರಿಪ್ಪಿನ ತುದಿಗಳು ಮೆಟ್ಟಿಲಿನಂತೆ ಅರ್ಧರ್ಧ ಇಂಚು ಇಳಿಯುತ್ತ ಬರಬೇಕು. ನಡುವೆ ಒಂದು ಮೆಟ್ಟಿಲು ತಪ್ಪಿದ್ದರೆ ಆ ಕ್ಲಬ್ಬಿಗೆ ಯಾರೋ ಕೈಹಾಕಿದ್ದಾರೆ. ಎಲ್ಲವೂ ಬೇಕೆಂದೇ ಒಂದೇ ಉದ್ದಕ್ಕೆ ಮಾಡಿದ ಸೆಟ್ಟುಗಳೂ ಇವೆ, 2020ರ ಯುಎಸ್ ಓಪನ್ನನ್ನು ಬ್ರೈಸನ್ ಡಿಶಾಂಬೋ ಗೆದ್ದದ್ದು ಅಂಥ ಐರನ್‌ಗಳಲ್ಲೇ, ಆದರೆ ಅದು ಎದ್ದು ಕಾಣುತ್ತದೆ.

ಆಮೇಲೆ ಹೆಡ್ಡೂ ಶಾಫ್ಟೂ ಸೇರುವಲ್ಲಿರುವ ಕಪ್ಪು ಪ್ಲಾಸ್ಟಿಕ್ ಉಂಗುರ ನೋಡಿ. ಅದರ ಕೆಳಗೆ ಸಂದು ಕಂಡರೆ ಅಂಟು ಸಡಿಲವಾಗುತ್ತಿರಬಹುದು. ಹೆಡ್ಡು ಹಿಡಿದು ಗ್ರಿಪ್ ತಿರುಚಿ, ಕಿರ್ ಅಂದರೆ ಬೇಡ. ಗ್ರಾಫೈಟಿನ ಮೇಲೆ ಬಟ್ಟೆ ಎಳೆದುಕೊಂಡು ಹೋಗಿ, ಎಳೆ ಸಿಕ್ಕಿಕೊಂಡ ಜಾಗದಲ್ಲಿ ಬಿರುಕಿರುತ್ತದೆ. ಬ್ಯಾಗಿನ ಅಂಚು ಉಜ್ಜಿ ಸವೆದ ಉಂಗುರದ ಗುರುತು ಬಣ್ಣದಷ್ಟಕ್ಕೇ ನಿಂತಿದ್ದರೆ ಚಿಂತೆಯಿಲ್ಲ. ಸ್ಟೀಲಿನಲ್ಲಿ ನಗ್ಗಿದ್ದರೆ ಬಿಟ್ಟುಬಿಡಿ, ಮುರಿಯುವುದು ಅಲ್ಲೇ. ಫೇಸಿನ ಗೀರಿನಲ್ಲಿ ಉಗುರು ಸಿಕ್ಕಿಕೊಳ್ಳಬೇಕು. ವೆಡ್ಜಿನಲ್ಲಿ ಇದನ್ನು ಕಟ್ಟುನಿಟ್ಟಾಗಿ ನೋಡಿ, ಎಂಟನೇ ಐರನ್ನಿನಲ್ಲಿ ಸ್ವಲ್ಪ ಸವೆದಿದ್ದರೂ ನಡೆಯುತ್ತದೆ.

ಕೊನೆಗೆ ಏಳನೆಯದನ್ನೊಂದನ್ನು ಕೇಳಿ ಪಡೆದು, ಜೇಬಿನಲ್ಲಿ ಮಾರ್ಕರ್ ಇಟ್ಟುಕೊಂಡು ಅಭ್ಯಾಸದ ರೇಂಜಿಗೆ ಹೋಗಿ. ಹತ್ತು ಚೆಂಡಾದರೂ ಹೊಡೆಯಲು ಬಿಡದವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ.